ಜಿಗರ್ ಕುಮಾರನ ದನಿ

ಜಿಗರ್ ಕುಮಾರ್ ಎನ್ನುವ ಮನುಷ್ಯ ನಿಜವಾಗಿ ಇದ್ದಾನೆಂದು ನಂಬಲು ಈವರೆಗೆ ಯಾರಿಗೂ ಕಾರಣ ಸಿಕ್ಕಿಲ್ಲ. 2022ರ ಏಪ್ರಿಲ್‌ನಿಂದ ಜೂನ್ ತನಕ ಆ ಹೆಸರಿನಲ್ಲಿ ಒಂದಷ್ಟು ಈಮೇಲ್ ಬಂದವು. ಆಮೇಲೆ ಹೆಸರೇ ನಾಪತ್ತೆ.

ಅವನು ಬರೆದದ್ದು, ತಾವು ಬರೆದ ತಂತ್ರಾಂಶವೊಂದನ್ನು ನೋಡಿಕೊಳ್ಳುತ್ತಿದ್ದ ಫಿನ್ಲೆಂಡಿನ ಲಾಸ್ಸೆ ಕಾಲಿನ್ ಅವರಿಗೆ. ಧಾಟಿ ಹೀಗಿತ್ತು: ಇಲ್ಲಿಗೆ ಕಳಿಸಿದ ಪ್ಯಾಚ್‌ಗಳು (ಕೋಡಿಗೆ ಹೊರಗಿನವರು ಬರೆದುಕೊಡುವ ತಿದ್ದುಪಡಿಗಳು) ವರ್ಷಗಟ್ಟಲೆ ಕೊಳೆಯುತ್ತವೆ. ಈಗಿರುವ ಮೇಂಟೇನರ್‌ಗೆ, ಅಂದರೆ ಇದನ್ನು ನೋಡಿಕೊಳ್ಳುವವರಿಗೆ, ಆಸಕ್ತಿ ಹೋಗಿದೆ. ಹೊಸಬರು ಬರುವ ತನಕ ಇದು ಉದ್ಧಾರವಾಗುವುದಿಲ್ಲ. ಇದೇ ವೇಗದಲ್ಲಿ ನಡೆದರೆ ಮುಂದಿನ ಆವೃತ್ತಿ ಈ ವರ್ಷ ಬಂದಂತೆಯೇ. ಡೆನಿಸ್ ಎನ್ಸ್ ಅನ್ನುವ ಇನ್ನೊಬ್ಬ ಸ್ವಲ್ಪ ಮೆತ್ತಗೆ ಮಾತಾಡುತ್ತಿದ್ದ: ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೆ ತಮ್ಮ ಮಿತಿ ತಮಗೆ ಗೊತ್ತಿರಬೇಕು, ಬಳಸುವವರು ಇನ್ನೂ ಹೆಚ್ಚು ಬಯಸುತ್ತಾರೆ, ಬೇರೆಯವರಿಗೆ ವಹಿಸಿಕೊಡಬಾರದೇ ಎಂದು.

ಈ ಈಮೇಲ್‌ಗಳನ್ನು ನಾನು ಓದಿದ್ದು ಎರಡು ವರ್ಷ ತಡವಾಗಿ, 2024ರ ಮಾರ್ಚ್ 31ರ ಭಾನುವಾರ, ಬೆಂಗಳೂರಿನ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಕೂತು. ಅಷ್ಟು ಹೊತ್ತಿಗೆ ಆ ತಂತ್ರಾಂಶದೊಳಗೆ ಯಾರೋ ಮೋಸ ಅಡಗಿಸಿಟ್ಟದ್ದು ಬಯಲಾಗಿ, ಜಗತ್ತಿನ ಸಿಸ್ಟಂ ಅಡ್ಮಿನ್‌ಗಳೆಲ್ಲ ಅವುಗಳನ್ನೇ ಓದುತ್ತಿದ್ದರು. ಎಲ್ಲರೂ ಎಷ್ಟು ಚಾಲಾಕಿ, ಎಷ್ಟು ತಾಳ್ಮೆಯ ಕುತಂತ್ರ ಎಂದು ಬೆರಗಾಗಿದ್ದರು. ನನಗೆ ಮಾತ್ರ ಈ ದನಿಯನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸುತ್ತಿತ್ತು. ಸಂಜೆ ಹುಡುಕಿದೆ. ಸಿಕ್ಕಿತು, ನನ್ನದೇ ಅಕೌಂಟಿನಲ್ಲಿ. ಆ ಕತೆ ಆಮೇಲೆ ಹೇಳುತ್ತೇನೆ.

ಮೊದಲು ಲಾಸ್ಸೆ ಕಾಲಿನ್ ನೋಡಿಕೊಳ್ಳುತ್ತಿದ್ದದ್ದು ಏನನ್ನು ಅಂತ ಹೇಳಬೇಕು. ಎಕ್ಸ್‌ಝಡ್ ಯುಟಿಲ್ಸ್ ಅಂತ ಅದರ ಹೆಸರು. ಫೈಲುಗಳನ್ನು ಅಮುಕಿ ಚಿಕ್ಕದು ಮಾಡುವ, ಮತ್ತೆ ಬಿಡಿಸುವ ಸಾಧನ. ಜಿಪ್ ಗೊತ್ತಿದ್ದರೆ ಅದರ ದಾಯಾದಿ ಅಂದುಕೊಳ್ಳಿ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಇರುವ ಕಡೆಯೆಲ್ಲ ಇದು ಇರುತ್ತದೆ: ಬ್ಯಾಂಕಿನ ಸರ್ವರ್‌ನಲ್ಲಿ, ಆಸ್ಪತ್ರೆಯಲ್ಲಿ, ನೀವು ರೈಲು ಟಿಕೆಟ್ ಮಾಡಿಸುವ ಕಡೆ. ನಾನು ಹದಿನಾಲ್ಕು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ದಿನಕ್ಕೆ ಎಷ್ಟು ಸಲ ಪರೋಕ್ಷವಾಗಿ ಅದನ್ನು ಬಳಸಿರಬಹುದೋ ಲೆಕ್ಕವಿಲ್ಲ, ಆದರೆ ಅದನ್ನು ಬರೆದವರು ಯಾರು ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಬರೆದು ನೋಡಿಕೊಳ್ಳುತ್ತಿದ್ದದ್ದು ಹೆಚ್ಚುಕಡಿಮೆ ಒಬ್ಬರೇ, ಬಿಡುವಿನಲ್ಲಿ, ಸಂಬಳವಿಲ್ಲದೆ.

2022ರ ಜೂನ್‌ನಲ್ಲಿ ಜಿಗರ್ ಕುಮಾರನ ಕಾಟಕ್ಕೆ ಅವರು ಕೊಟ್ಟ ಉತ್ತರ ಈಗಲೂ ಓದಲು ಸಿಗುತ್ತದೆ. ಆಸಕ್ತಿ ಹೋಗಿಲ್ಲ, ಬಹುಕಾಲದಿಂದ ಕಾಡುತ್ತಿರುವ ಮಾನಸಿಕ ಆರೋಗ್ಯದ ತೊಂದರೆಯಿಂದ ಹೆಚ್ಚು ಗಮನ ಕೊಡಲು ಆಗುತ್ತಿಲ್ಲ, ಇದು ದುಡ್ಡಿಲ್ಲದೆ ಮಾಡುವ ಹವ್ಯಾಸದ ಕೆಲಸ ಅನ್ನುವುದೂ ನೆನಪಿರಲಿ ಎಂದಿದ್ದಾರೆ. ಅದೇ ಪತ್ರದಲ್ಲಿ, ಈಚೆಗೆ ಜಿಯಾ ಟಾನ್ ಎಂಬುವರು ಸಹಾಯ ಮಾಡುತ್ತಿದ್ದಾರೆ, ಮುಂದೆ ಅವರಿಗೆ ದೊಡ್ಡ ಪಾತ್ರ ಇರಬಹುದು ಎಂದೂ ಇದೆ.

ಜಿಯಾ ಟಾನ್ ಕೂಡ ಇಲ್ಲದ ಮನುಷ್ಯನೇ. ಆದರೆ ಇವನು ಬೈಯುವವನಲ್ಲ, ಕೆಲಸ ಮಾಡುವವನು. 2021ರ ಅಕ್ಟೋಬರ್ ಕೊನೆಗೆ ಮೊದಲ ಪ್ಯಾಚ್ ಕಳಿಸಿದ. ಎಡಿಟರ್ ಹೇಗೆ ಇಂಡೆಂಟ್ ಮಾಡಬೇಕು ಎಂದು ಹೇಳುವ ನಿರುಪದ್ರವಿ ಫೈಲು. ಆಮೇಲೆ ಸಣ್ಣಪುಟ್ಟ ರಿಪೇರಿ, ಟೆಸ್ಟ್‌ಗಳು, ಅನುವಾದಗಳನ್ನು ಸೇರಿಸುವುದು. ವಿನಯವಂತ. ದಣಿದ ಮೇಂಟೇನರ್ ಮುಂದೆ ಒಂದು ಕಡೆ ಹೀಗೆ ಕೈ ಚಾಚಿ ನಿಂತ ಒಳ್ಳೆಯ ಹುಡುಗ, ಇನ್ನೊಂದು ಕಡೆ ಕುತ್ತಿಗೆ ಮೇಲೆ ಕೂತ ಜಿಗರ್ ಕುಮಾರ್. 2023ರ ಹೊತ್ತಿಗೆ ಜಿಯಾ ಟಾನ್ ಕೈಯಲ್ಲಿ ಮನೆಯ ಕೀಲಿ ಇತ್ತು. ಹೊಸ ಆವೃತ್ತಿಗಳನ್ನು ಬಿಡುಗಡೆ ಮಾಡುವವನು ಅವನೇ.

2024ರ ಫೆಬ್ರವರಿ 24ಕ್ಕೆ 5.6.0 ಬಂತು. ಅದರೊಳಗೆ ಹಿತ್ತಿಲ ಬಾಗಿಲೊಂದು ಇತ್ತು.

ಅದನ್ನು ಅಡಗಿಸಿಟ್ಟ ರೀತಿಯ ಬಗ್ಗೆ ಸ್ವಲ್ಪ ನಿಂತು ಹೇಳಲೇಬೇಕು, ಏಕೆಂದರೆ ಇಂಥ ಕೈಚಳಕ ನಾನಂತೂ ನೋಡಿರಲಿಲ್ಲ. ಫೈಲು ಅಮುಕುವ ಸಾಧನವನ್ನು ಪರೀಕ್ಷಿಸಲು ಬೇಕೆಂದೇ ಕೆಡಿಸಿದ ಫೈಲುಗಳು ಬೇಕಾಗುತ್ತವೆ. ಕೆಟ್ಟ ಫೈಲು ಬಂದರೆ ಪ್ರೋಗ್ರಾಂ ಬಿದ್ದುಹೋಗಬಾರದಲ್ಲ. ಅವು ಮನುಷ್ಯರು ಓದಿ ಅರ್ಥ ಮಾಡಿಕೊಳ್ಳುವಂಥವಲ್ಲ, ಬರೀ ಕಸದಂತಿರುವ ಬೈಟ್‌ಗಳು. ಆ ಕಸದೊಳಗೆ ಕೋಡನ್ನು ಹೂತಿಟ್ಟರು. ಅದನ್ನು ಅಗೆದು ತೆಗೆಯುವ ಸಲಿಕೆಯನ್ನು ಬಿಲ್ಡ್ ಸ್ಕ್ರಿಪ್ಟ್‌ನ, ಅಂದರೆ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವ ಸೂಚನೆಗಳ, ಒಂದು ಫೈಲಿನಲ್ಲಿ ಇಟ್ಟರು. ಆ ಫೈಲು ಎಲ್ಲರೂ ನೋಡುವ, ಕೋಡ್ ಇಡುವ ಗಿಟ್ ಭಂಡಾರದಲ್ಲಿ ಇರಲೇ ಇಲ್ಲ, ಬಿಡುಗಡೆಗೆಂದು ಕಟ್ಟಿದ ಟಾರ್ ಪೊಟ್ಟಣದಲ್ಲಿ ಮಾತ್ರ ಇತ್ತು. ಅಂಗಡಿಯ ಗಾಜಿನ ಡಬ್ಬಿಯಲ್ಲಿ ತೋರಿಸಿದ ಅಕ್ಕಿಯೇ ಬೇರೆ, ಚೀಲಕ್ಕೆ ಸುರಿದದ್ದೇ ಬೇರೆ. ಕೋಡ್ ಓದುವವರು ಗಿಟ್ ಓದುತ್ತಾರೆ, ಲಿನಕ್ಸ್ ಹಂಚುವ ಡೆಬಿಯನ್ ಫೆಡೋರಾಗಳಂಥವರು ಕಟ್ಟುವುದು ಪೊಟ್ಟಣದಿಂದ. ಎರಡೂ ಒಂದೇ ಎಂದು ಎಲ್ಲರೂ ನಂಬಿದ್ದೆವು. ಹೋಲಿಸಿ ನೋಡುವುದು ಯಾರ ಕೆಲಸವೂ ಆಗಿರಲಿಲ್ಲ.

ಗುರಿ ಇದ್ದದ್ದು ಎಕ್ಸ್‌ಝಡ್ ಮೇಲಲ್ಲ, ಎಸ್‌ಎಸ್‌ಎಚ್ ಮೇಲೆ. ದೂರದ ಸರ್ವರ್‌ಗಳಿಗೆ ನಾವೆಲ್ಲ ಲಾಗಿನ್ ಆಗುವ ಹೆಬ್ಬಾಗಿಲು ಅದು. ಆ ಕೆಲಸ ಮಾಡುವ ಓಪನ್‌ಎಸ್‌ಎಸ್‌ಎಚ್ ಪ್ರೋಗ್ರಾಂಗೂ ಎಕ್ಸ್‌ಝಡ್‌ಗೂ ನೇರ ನಂಟೇ ಇಲ್ಲ. ಆದರೆ ಡೆಬಿಯನ್, ಫೆಡೋರಾಗಳು ತಮ್ಮ ಅನುಕೂಲಕ್ಕೆ ಎಸ್‌ಎಸ್‌ಎಚ್ ಸರ್ವರ್‌ಗೆ, ಲಿನಕ್ಸ್‌ನಲ್ಲಿ ಬೇರೆ ಪ್ರೋಗ್ರಾಂಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಂಡಿಯ ಲೈಬ್ರರಿಯ (ಬೇರೆ ಪ್ರೋಗ್ರಾಂಗಳು ಎರವಲು ಪಡೆಯುವ ಸಿದ್ಧ ಕೋಡ್) ತೇಪೆ ಹಾಕಿಕೊಂಡಿದ್ದವು. ಆ ಲೈಬ್ರರಿ ಎಕ್ಸ್‌ಝಡ್‌ನ ಲೈಬ್ರರಿಯನ್ನು ಕರೆದು ತರುತ್ತಿತ್ತು. ಬಾದರಾಯಣ ಸಂಬಂಧ ಅಂತಾರಲ್ಲ, ಅದೇ. ಆ ಸಂಬಂಧ ಹಿಡಿದು ಒಳಗೆ ಬಂದ ಕೋಡ್, ಲಾಗಿನ್ ಆಗುವವರ ಗುರುತು ಪರೀಕ್ಷಿಸುವ ಜಾಗದಲ್ಲೇ ಕೂತುಬಿಡುತ್ತಿತ್ತು. ಒಂದು ನಿರ್ದಿಷ್ಟ ಗುಪ್ತ ಕೀಲಿ ಇದ್ದವರು ಬಂದರೆ ಅವರು ಹೇಳಿದ ಆಜ್ಞೆಯನ್ನು ಸರ್ವರ್ ಪಾಲಿಸುತ್ತಿತ್ತು. ಬೇರೆ ಯಾರೇ ಬಂದರೂ ಮಾಮೂಲಿನಂತೆ ನಡೆದುಕೊಳ್ಳುತ್ತಿತ್ತು. ಹುಡುಕುವವರಿಗೂ ಬಾಗಿಲು ಕಾಣದಂತಹ ಏರ್ಪಾಟು.

ಮಾಮೂಲಿನಂತೆ, ಅರ್ಧ ಸೆಕೆಂಡು ತಡವಾಗಿ.

ಆಂಡ್ರೆಸ್ ಫ್ರೌಂಡ್ ಅನ್ನುವವರು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್, ಮೈಕ್ರೋಸಾಫ್ಟ್ ಉದ್ಯೋಗಿ. ಡೇಟಾಬೇಸ್‌ನ ವೇಗ ಅಳೆಯಲು ತಮ್ಮ ಯಂತ್ರವನ್ನು ಆದಷ್ಟು ಸದ್ದಿಲ್ಲದಂತೆ ಇಟ್ಟುಕೊಳ್ಳಬೇಕಿತ್ತು. ಆಗ ಕಂಡಿತು: ಎಸ್‌ಎಸ್‌ಎಚ್ ಯಾಕೋ ಹೆಚ್ಚು ಸಿಪಿಯು ತಿನ್ನುತ್ತಿದೆ. ಇಂಟರ್ನೆಟ್ಟಿನಲ್ಲಿರುವ ಯಾವ ಯಂತ್ರಕ್ಕಾದರೂ ದಿನವಿಡೀ ಯಾರೋ ತಪ್ಪು ಹೆಸರು ಕೊಟ್ಟು ಬಾಗಿಲು ತಟ್ಟುತ್ತಲೇ ಇರುತ್ತಾರೆ. ಆ ತಪ್ಪು ಹೆಸರುಗಳನ್ನು ತಿರಸ್ಕರಿಸಲಿಕ್ಕೇ ಇಷ್ಟು ಹೊತ್ತು ಯಾಕೆ? ಅಳೆದರು. ಮುಂಚೆ 0.299 ಸೆಕೆಂಡು, ಈಗ 0.807. ನಾನಾಗಿದ್ದರೆ ನೆಟ್‌ವರ್ಕ್ ಇರಬೇಕು ಎಂದು ಚಹಾಕ್ಕೆ ಎದ್ದು ಹೋಗುತ್ತಿದ್ದೆ. ಅವರಿಗೆ ಕೆಲವು ವಾರದ ಹಿಂದೆ, ಪ್ರೋಗ್ರಾಂನ ಮೆಮೊರಿ ತಪ್ಪು ಹುಡುಕುವ ವ್ಯಾಲ್‌ಗ್ರೈಂಡ್ ಎಂಬ ಸಾಧನ ಕೊಟ್ಟಿದ್ದ ವಿಚಿತ್ರ ದೂರುಗಳು ನೆನಪಾದವು. ಎಳೆ ಹಿಡಿದು ಹೋದರು. 2024ರ ಮಾರ್ಚ್ 29, ಗುಡ್ ಫ್ರೈಡೆಯಂದು, ಕಂಡದ್ದನ್ನೆಲ್ಲ ಬರೆದು ಬಹಿರಂಗ ಮಾಡಿದರು. ತಾನು ಭದ್ರತಾ ಸಂಶೋಧಕನೂ ಅಲ್ಲ, ರಿವರ್ಸ್ ಎಂಜಿನಿಯರೂ ಅಲ್ಲ ಎಂದು ಅದರಲ್ಲೇ ಹೇಳಿಕೊಂಡಿದ್ದಾರೆ.

ಭದ್ರತಾ ಲೋಪಗಳ ಜಾಗತಿಕ ಪಟ್ಟಿಯಲ್ಲಿ ಅದಕ್ಕೆ ಸಿವಿಇ-2024-3094 ಅಂತ ನಂಬರ್ ಬಿತ್ತು, ತೀವ್ರತೆ ಹತ್ತಕ್ಕೆ ಹತ್ತು. ಅದೃಷ್ಟಕ್ಕೆ ಆ ಆವೃತ್ತಿ ಇನ್ನೂ ಪರೀಕ್ಷಾ ಹಂತದ ವಿತರಣೆಗಳಲ್ಲಷ್ಟೇ ಇತ್ತು: ಡೆಬಿಯನ್‌ನ ಟೆಸ್ಟಿಂಗ್, ಫೆಡೋರಾದ ರಾಹೈಡ್, ಟಂಬಲ್‌ವೀಡ್, ಅಂಥವು. ಉಬುಂಟು 24.04ರ ಬೀಟಾ ಒಂದು ವಾರ ಮುಂದಕ್ಕೆ ಹೋಯಿತು, ಪ್ಯಾಕೇಜುಗಳನ್ನೆಲ್ಲ ಹೊಸದಾಗಿ ಕಟ್ಟಲು. ಇನ್ನೊಂದು ತಮಾಷೆ ನೋಡಿ. ಸಿಸ್ಟಂಡಿಯವರು ಅದೇ ಹೊತ್ತಿಗೆ, ಎಕ್ಸ್‌ಝಡ್ ಲೈಬ್ರರಿಯನ್ನು ಬೇಕಾದಾಗಷ್ಟೇ ಕರೆದುಕೊಳ್ಳುವಂತೆ ಬದಲಾವಣೆ ಮಾಡುತ್ತಿದ್ದರು. ಅದು ಎಲ್ಲ ಕಡೆ ಹರಡಿದ್ದರೆ ಬಾದರಾಯಣ ಸಂಬಂಧ ಕಡಿದುಹೋಗುತ್ತಿತ್ತು. ಎರಡೂವರೆ ವರ್ಷ ಕಾದವರು ಕೊನೆಗೆ ಗಡಿಬಿಡಿಗೆ ಬಿದ್ದದ್ದು ಇದಕ್ಕೇ ಇರಬಹುದೇ ಎಂದು ಹಲವರ ಊಹೆ. ಅವಸರ ಮಾಡಿ ಅವಸರ ಮಾಡಿ ಎಂದು ಇನ್ನೊಬ್ಬರ ಜೀವ ತಿಂದವರಿಗೆ ಅವಸರವೇ ಮುಳುವಾಯಿತೋ ಏನೋ. ನನಗಂತೂ ಹಾಗೆ ನಂಬಲು ಇಷ್ಟ.

ಈಗ ನನ್ನ ಕತೆ.

2021ರ ಡಿಸೆಂಬರ್. ಕೊರೋನಾ ಕಾಲ, ನಾನು ತುಮಕೂರು ಜಿಲ್ಲೆಯ ನಮ್ಮೂರಿನಲ್ಲಿ, ಅಮ್ಮನ ಮನೆಯಿಂದ ಕೆಲಸ ಮಾಡುತ್ತಿದ್ದೆ. ಮಹಡಿ ಮೆಟ್ಟಿಲ ಮೇಲೆ ಮಾತ್ರ ಸಿಗ್ನಲ್ ಚೆನ್ನಾಗಿ ಸಿಗುತ್ತಿದ್ದರಿಂದ ಅಲ್ಲೇ ಒಂದು ದಿಂಬು ಹಾಕಿಕೊಂಡು ಆಫೀಸು. 10ನೇ ತಾರೀಕು ಶುಕ್ರವಾರ ಬೆಳಿಗ್ಗೆ ಕಾಲ್ ಶುರುವಾಯಿತು, ಭಾನುವಾರ ರಾತ್ರಿಯವರೆಗೂ ಅದು ಮುಗಿಯಲಿಲ್ಲ. ಜನ ಬರುತ್ತಿದ್ದರು, ಹೋಗುತ್ತಿದ್ದರು, ಕಾಲ್ ಮಾತ್ರ ಹಾಗೇ ತೆರೆದಿತ್ತು.

ಲಾಗ್4ಜೆ. ಜಾವಾದಲ್ಲಿ ಬರೆದ ಪ್ರೋಗ್ರಾಂಗಳು ತಮ್ಮ ದಿನಚರಿ ಬರೆದುಕೊಳ್ಳಲು ಬಳಸುವ ಲೈಬ್ರರಿ. ಯಾರು ಬಂದರು, ಏನು ಕೇಳಿದರು, ಎಲ್ಲಿ ಎಡವಿತು ಎಂದು ಬರೆದಿಡುವುದಷ್ಟೇ ಅದರ ಕೆಲಸ. ಆದರೆ 2013ರಲ್ಲಿ ಯಾರದೋ ಕೋರಿಕೆಯಂತೆ ಅದಕ್ಕೊಂದು ಜಾಣತನ ಸೇರಿತ್ತು: ಬರೆಯುತ್ತಿರುವ ಸಾಲಿನಲ್ಲಿ ಡಾಲರ್ ಗುರುತು, ಸುರುಳಿ ಆವರಣ, ಅದರೊಳಗೆ ಜೆಎನ್‌ಡಿಐ ಎಂದೊಂದು ವಿಳಾಸ ಕಂಡರೆ, ಆ ವಿಳಾಸಕ್ಕೆ ಹೋಗಿ ಅಲ್ಲಿ ಸಿಕ್ಕಿದ್ದನ್ನು ತರುವುದು. ತಂದದ್ದು ಕೋಡ್ ಆಗಿದ್ದರೆ ಅದನ್ನು ನಡೆಸುವ ಮಟ್ಟಕ್ಕೂ ಹೋಗುತ್ತಿತ್ತು. ಲೆಕ್ಕ ಬರೆಯುವ ಗುಮಾಸ್ತ, ಚೀಟಿಯಲ್ಲಿ 'ತಿಜೋರಿ ತೆಗೆ' ಅಂತಿದ್ದರೆ ಅದನ್ನು ಬರೆದುಕೊಳ್ಳುವ ಬದಲು ಎದ್ದು ಹೋಗಿ ತಿಜೋರಿ ತೆಗೆದ ಹಾಗೆ. ಮೈನ್‌ಕ್ರಾಫ್ಟ್ ಆಟದ ಚಾಟ್‌ನಲ್ಲಿ ಒಂದು ಸಾಲು ಟೈಪ್ ಮಾಡಿದರೆ ಸರ್ವರ್ ಕೈವಶವಾಗುತ್ತಿತ್ತು. ಅಲಿಬಾಬಾ ಕ್ಲೌಡ್‌ನ ಚೆನ್ ಝಾವೋಜುನ್ ನವೆಂಬರ್ 24ರಂದೇ ಲಾಗ್4ಜೆ ನೋಡಿಕೊಳ್ಳುವ ಅಪಾಚೆ ಸಂಸ್ಥೆಯವರಿಗೆ ಗುಟ್ಟಾಗಿ ತಿಳಿಸಿದ್ದರು. ಗುಟ್ಟು ಉಳಿಯಲಿಲ್ಲ.

ಕಾಲ್‌ನಲ್ಲಿ ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆ ಸರಳವಾಗಿತ್ತು. ನಮ್ಮಲ್ಲಿ ಇದು ಎಲ್ಲೆಲ್ಲಿದೆ?

ಯಾರಿಗೂ ಗೊತ್ತಿರಲಿಲ್ಲ. ನಾವು ಬಳಸುತ್ತಿದ್ದ ಲೈಬ್ರರಿಗಳ ಪಟ್ಟಿ ಇತ್ತು. ಆ ಲೈಬ್ರರಿಗಳು ಬಳಸುತ್ತಿದ್ದ ಲೈಬ್ರರಿಗಳ ಪಟ್ಟಿ ಇರಲಿಲ್ಲ. ಜಾವಾ ಕೋಡ್ ಕಟ್ಟಿಡುವ ಜಾರ್ ಫೈಲಿನೊಳಗೆ ಜಾರ್, ಅದರೊಳಗೆ ಇನ್ನೊಂದು ಜಾರ್. ಲೋಪ ತಿದ್ದಿದ ಆವೃತ್ತಿ 2.15 ಹಾಕಿ ಉಸಿರು ಬಿಡುವಷ್ಟರಲ್ಲಿ ಅದು ಸಾಲದು 2.16 ಬೇಕು ಅಂದರು, ಆಮೇಲೆ 2.17, ತಿಂಗಳ ಕೊನೆಗೆ 2.17.1. ನಾಲ್ಕು ಸಲ ಅದೇ ಕೆಲಸ. ಆ ವಾರ ಲಾಗ್4ಜೆ ತಂಡದವರೂ ನಿದ್ದೆಗೆಟ್ಟು ಕೂತಿದ್ದರು. ಅವರಲ್ಲೊಬ್ಬರು, ನಮಗೇ ಇಷ್ಟವಿಲ್ಲದಿದ್ದ, ಹಳಬರಿಗೆ ತೊಂದರೆಯಾಗದಿರಲಿ ಎಂದು ಉಳಿಸಿಕೊಂಡಿದ್ದ ಸೌಲಭ್ಯಕ್ಕಾಗಿ, ಬಿಡಿಗಾಸಿಲ್ಲದ ಕೆಲಸಕ್ಕಾಗಿ, ಬೈಸಿಕೊಳ್ಳುತ್ತಿದ್ದೇವೆ ಎಂಬರ್ಥದಲ್ಲಿ ಬರೆದುಕೊಂಡಿದ್ದು ಆಮೇಲೆ ನೋಡಿದೆ.

ನಮ್ಮ ಪ್ರಾಡಕ್ಟ್‌ನ ಮೂಲೆಯಲ್ಲಿ ವರದಿಗಳನ್ನು ಪಿಡಿಎಫ್ ಮಾಡುವ ಪುಟ್ಟ ಲೈಬ್ರರಿಯೊಂದಿತ್ತು. ಯಾರೋ ಒಬ್ಬರು ನೋಡಿಕೊಳ್ಳುವಂಥದ್ದು, ಹೆಸರು ಬೇಡ. ಅದರ ಹೊಟ್ಟೆಯಲ್ಲೂ ಹಳೆಯ ಲಾಗ್4ಜೆ ಇತ್ತು. ಅದು ಹೊಸ ಆವೃತ್ತಿ ಬಿಡುವ ತನಕ ನಮ್ಮ ಟಿಕೆಟ್ ಕೆಂಪಾಗಿಯೇ ಇರುತ್ತದೆ, ದಿನಕ್ಕೆರಡು ಸಲ ಮೇಲಿನಿಂದ ಕೇಳುತ್ತಾರೆ. ಮಂಗಳವಾರ ಸಂಜೆ ನನಗೆ ತಲೆಕೆಟ್ಟು, ಆ ಪ್ರಾಜೆಕ್ಟಿನ ಪುಟಕ್ಕೆ ಹೋಗಿ ಬರೆದೆ. ಕಾಲ್‌ನಲ್ಲಿದ್ದ ಸಹೋದ್ಯೋಗಿಗಳಿಗೆ ಮೊದಲು ಓದಿ ಹೇಳಿದೆ, ಎಲ್ಲರೂ ನಕ್ಕು, ಹಾಕು ಹಾಕು ಅಂದರು. ಬರೆದದ್ದು ಇಷ್ಟು: ನಾಲ್ಕು ದಿನವಾಯಿತು, ಇನ್ನೂ ಸುದ್ದಿಯಿಲ್ಲ. ಇದನ್ನು ನಂಬಿಕೊಂಡು ಪ್ರೊಡಕ್ಷನ್‌ನಲ್ಲಿ ಗ್ರಾಹಕರಿದ್ದಾರೆ. ಸಮಯ ಕೊಡಲಾಗದಿದ್ದರೆ ಕೊಡಬಲ್ಲವರ ಕೈಗೆ ಪ್ರಾಜೆಕ್ಟ್ ಒಪ್ಪಿಸುವುದು ಒಳ್ಳೆಯದು.

ಓದಿದ್ದು ಇಂಗ್ಲಿಷಿನಲ್ಲಿ. ಅಡುಗೆಮನೆಯಲ್ಲಿದ್ದ ಅಮ್ಮನಿಗೆ ಮಾತು ಅರ್ಥವಾಗದಿದ್ದರೂ ಧಾಟಿ ಕೇಳಿಸಿತ್ತು. ಊಟಕ್ಕೆ ಇಳಿದು ಬಂದಾಗ ಕೇಳಿದರು, "ಯಾರ್ ಮ್ಯಾಲೇ ಹಂಗೆ ರೇಗ್ತಿದ್ದೆ?"

"ಯಾರೋ ಅಮ್ಮ. ಗೊತ್ತಿಲ್ಲ ನಂಗೆ."

"ಗೊತ್ತಿಲ್ದೋರ್ ಮ್ಯಾಲೆ ರೇಗೋದು ಸಲೀಸು ಬಿಡು," ಅಂದು ಮುದ್ದೆ ಹಾಕಿದರು.

ಹೊಸ ಆವೃತ್ತಿ ಬುಧವಾರವೇ ಬಂತು. ಕೆಳಗೆ ಒಂದು ಸಾಲು: ತಡವಾದದ್ದಕ್ಕೆ ಕ್ಷಮಿಸಿ. ಅವರ ದೇಶದ ಗಡಿಯಾರದಲ್ಲಿ ಅದು ಬೆಳಗಿನ ಜಾವ ಮೂರೂವರೆ. ನಾನು ಜಾರ್ ಬದಲಿಸಿದೆ, ಟಿಕೆಟ್ ಹಸಿರಾಯಿತು, ಕಾಲ್‌ನಲ್ಲಿ ಚಪ್ಪಾಳೆ. ಆ ಸಾಲಿನ ಕೆಳಗೆ ಥ್ಯಾಂಕ್ಸ್ ಅಂತಲೂ ಬರೆಯಲಿಲ್ಲ.

2024ರ ಆ ಭಾನುವಾರ ಸಂಜೆ ಹುಡುಕಿದಾಗ ಸಿಕ್ಕಿದ್ದು ಇದು. ನನ್ನ ಮಾತಿನ ಕೆಳಗೆ ಹನ್ನೊಂದು ಜನ ಹೆಬ್ಬೆರಳು ಎತ್ತಿದ್ದರು. ಜಿಗರ್ ಕುಮಾರನ ಈಮೇಲನ್ನು ಪಕ್ಕದ ಕಿಟಕಿಯಲ್ಲಿ ತೆರೆದಿಟ್ಟುಕೊಂಡು ಎರಡನ್ನೂ ಓದಿದೆ. ನನ್ನ ಇಂಗ್ಲಿಷ್ ಸ್ವಲ್ಪ ಉತ್ತಮ. ಬೇರೆ ವ್ಯತ್ಯಾಸ ಕಾಣಲಿಲ್ಲ.

ಎಕ್ಸ್‌ಝಡ್ ಪ್ರಕರಣದಲ್ಲಿ ತಾಂತ್ರಿಕ ಚಮತ್ಕಾರದ ಬಗ್ಗೆಯೇ ಹೆಚ್ಚು ಮಾತು ನಡೆಯಿತು, ನಾನೂ ಮೇಲೆ ಅದನ್ನೇ ಬರೆದೆ. ಆದರೆ ಬಾಗಿಲು ತೆರೆದದ್ದು ಆ ಚಮತ್ಕಾರದಿಂದಲ್ಲ. ಲಾಸ್ಸೆ ಕಾಲಿನ್ ಆ ಈಮೇಲ್‌ಗಳನ್ನು ನೋಡಿ ಇದೇನೋ ವಿಚಿತ್ರವಾಗಿದೆಯಲ್ಲ ಎಂದು ಅನುಮಾನಿಸಲಿಲ್ಲ. ಯಾಕೆ ಅನುಮಾನಿಸಬೇಕು? ಅವರಂಥವರಿಗೆ ನಿಜವಾದ ಜನ ಬರೆಯುವುದೂ ಹಾಗೇ. ಖೋಟಾ ನೋಟು ಚಲಾವಣೆಯಾಗಬೇಕಾದರೆ ಅಸಲಿ ನೋಟು ಊರ ತುಂಬ ಓಡಾಡುತ್ತಿರಬೇಕು. ಅಸಲಿ ನೋಟು ಮುದ್ರಿಸುತ್ತಿದ್ದವರು ನಾನು, ಮತ್ತೆ ಆ ಹನ್ನೊಂದು ಜನ. ಎರಡೂವರೆ ವರ್ಷ ಯೋಜನೆ ಮಾಡಿದ ಆ ಚತುರರು, ಮೇಂಟೇನರ್ ಒಬ್ಬರನ್ನು ಬಗ್ಗಿಸಲು ಹೊಸದೇನನ್ನೂ ಕಂಡುಹಿಡಿಯಬೇಕಾಗಿ ಬರಲಿಲ್ಲ.

ಇಷ್ಟು ಬರೆದ ಮೇಲೆ ನನ್ನ ಪರವಾಗಿ ನಾನೇ ಒಂದು ಮಾತು ವಾದಿಸಬೇಕು ಅನ್ನಿಸುತ್ತದೆ. ಲೋಪವಿದ್ದದ್ದು ನಿಜ, ಅವಸರವಿದ್ದದ್ದು ನಿಜ. ಕೇಳಬಾರದೇ? ಕೇಳಬಹುದು. ಆದರೆ ಕೇಳುವ ಹಕ್ಕು ನನಗೆ ಎಲ್ಲಿಂದ ಬಂತು ಅನ್ನುವುದನ್ನು ಯೋಚಿಸಿದರೆ ನಮ್ಮೂರ ನೀರುಗಂಟಿ ನೆನಪಾಗುತ್ತಾನೆ. ನಾನು ಚಿಕ್ಕವಳಿದ್ದಾಗ ಕೆರೆಯಲ್ಲಿ ನೀರಿತ್ತು, ತೂಬು ಎತ್ತಿ ಇಳಿಸುವವನೂ ಇದ್ದ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ಕಾಲುವೆಯಲ್ಲಿ ಏಡಿ ತೂತು ಮಾಡಿದೆ, ಎಲ್ಲ ಅವನ ತಲೆಯಲ್ಲಿ. ಬೇಸಗೆಯಲ್ಲಿ ಎಲ್ಲರೂ ಅವನನ್ನೇ ಬೈಯುವುದು. ಹಾಗೆ ಬೈದವರೂ ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲಿನ ಕಾಳು ಅಳೆದು ಕೊಡಬೇಕಿತ್ತು. (ಅದನ್ನು ಜಗಲಿಯ ಕೆಳಗೆ ನಿಂತೇ ತೆಗೆದುಕೊಳ್ಳಬೇಕಿತ್ತು ಅವನು. ಹಳೆಯದನ್ನೆಲ್ಲ ಹೊಗಳುವ ಉಮೇದಿನಲ್ಲಿ ಅದನ್ನು ಮರೆಯುವುದು ಸುಲಭ.) ಅಂತೂ ಬೈಗುಳಕ್ಕೂ ಒಂದು ಲೆಕ್ಕವಿತ್ತು.

ಓಪನ್‌ಎಸ್‌ಎಸ್‌ಎಲ್‌ಗೆ ಅದೂ ಇರಲಿಲ್ಲ. ಬ್ರೌಸರಿನಲ್ಲಿ ಬೀಗದ ಗುರುತು ಕಾಣುವ ವೆಬ್‌ಸೈಟುಗಳಲ್ಲಿ ಬಹುಪಾಲಿನ ಹಿಂದೆ ಇದ್ದದ್ದು ಆ ಲೈಬ್ರರಿ. 2014ರ ಏಪ್ರಿಲ್ 7ರಂದು ಅದರಲ್ಲಿದ್ದ ಹಾರ್ಟ್‌ಬ್ಲೀಡ್ ಎಂಬ ಲೋಪ ಬಯಲಾದಾಗ ಗೊತ್ತಾದದ್ದು: ಅದಕ್ಕೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2,000 ಡಾಲರ್, ಪೂರ್ತಿ ಸಮಯ ಕೆಲಸ ಮಾಡುವವರು ಒಬ್ಬರು. ಲೋಪ ತೀರ ಸಣ್ಣದು. ಸಂಪರ್ಕ ಜೀವಂತವಾಗಿದೆಯೇ ಎಂದು ನೋಡಲು ಒಬ್ಬರು ಸ್ವಲ್ಪ ಮಾಹಿತಿ ಕಳಿಸಿ, ಇಷ್ಟು ಉದ್ದದ್ದು, ವಾಪಸ್ ಕಳಿಸು ಅನ್ನುತ್ತಾರೆ. ಹೇಳಿದ ಉದ್ದ ನಿಜವೋ ಎಂದು ಸರ್ವರ್ ನೋಡುತ್ತಿರಲಿಲ್ಲ. ಒಂದು ಪಾವು ರಾಗಿ ತಂದವನು 'ಒಂದು ಪಲ್ಲ ಇತ್ತು, ತಿರುಗಿ ಕೊಡು' ಅಂದರೆ, ಅಳೆಯದೆ ಕಣಜಕ್ಕೆ ಕೈ ಹಾಕಿ ಪಲ್ಲ ತುಂಬಿಸಿ ಕೊಟ್ಟಂತೆ. ಕಣಜದಲ್ಲಿ ಊರವರದೆಲ್ಲ ಇತ್ತು: ಪಾಸ್‌ವರ್ಡ್‌ಗಳು, ಗುಪ್ತ ಕೀಲಿಗಳು, ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ. ಆ ಕೋಡ್ ಸೇರಿದ್ದು 2011ರ ಡಿಸೆಂಬರ್ 31ರ ರಾತ್ರಿ. ಹೊಸ ವರ್ಷದ ಮುನ್ನಾ ರಾತ್ರಿ ಕೂತು ಪುಕ್ಕಟೆ ಕೋಡ್ ಪರಿಶೀಲಿಸುವ ಮನುಷ್ಯರಿದ್ದರು ಅನ್ನುವುದೇ ನನಗೆ ಲೋಪಕ್ಕಿಂತ ಹೆಚ್ಚು ಆಶ್ಚರ್ಯ.

ಕೋಡ್ ತೆರೆದಿದ್ದರೆ ಸಾವಿರ ಕಣ್ಣು ನೋಡುತ್ತವೆ, ತಪ್ಪು ಉಳಿಯುವುದಿಲ್ಲ ಅನ್ನುವ ಮಾತು ನಮ್ಮ ಕಡೆ ಮಂತ್ರದಂತೆ ಓಡಾಡುತ್ತದೆ. ಆದರೆ ಬ್ಯಾಶ್ ಅನ್ನುವ ಶೆಲ್‌ನಲ್ಲಿ (ನಾವು ಟೈಪ್ ಮಾಡಿದ ಆಜ್ಞೆ ನಡೆಸುವ ಪ್ರೋಗ್ರಾಂ) 1989ರಲ್ಲಿ ಸೇರಿದ ಲೋಪ 2014ರ ತನಕ ಹಾಗೇ ಇತ್ತು, 25 ವರ್ಷ. ರಾಜ ಎಲ್ಲರೂ ಕೊಳಕ್ಕೆ ಒಂದೊಂದು ಕೊಡ ಹಾಲು ಹುಯ್ಯಿರಿ ಎಂದರೆ ಬೆಳಿಗ್ಗೆ ಕೊಳದ ತುಂಬ ನೀರೇ ಇತ್ತಲ್ಲ, ಆ ಕತೆ. ನಾನೂ ಯಾವ ಲೈಬ್ರರಿಯ ಕೋಡನ್ನೂ ಬಳಸುವ ಮುಂಚೆ ಓದಿದವಳಲ್ಲ.

ಹಾಗೆಂದು ಮುಚ್ಚಿಟ್ಟ ಕೋಡ್ ವಾಸಿ ಎಂದು ಮಾರುವವರು ಬಂದರೆ ನಂಬಬೇಡಿ. 2018ರಲ್ಲಿ ತೆಲುಗಿನ 'ಜ್ಞಾ' ಅಕ್ಷರದ ಒಂದು ರೂಪವನ್ನು ಮೆಸೇಜಿನಲ್ಲಿ ಕಳಿಸಿದರೆ ಐಫೋನಿನ ಆ್ಯಪ್‌ಗಳು ಬಿದ್ದುಹೋಗುತ್ತಿದ್ದವು. ಆಪಲ್ ರಿಪೇರಿ ಮಾಡುವ ತನಕ ಬೇರೆ ಯಾರೂ ಏನೂ ಮಾಡುವಂತಿರಲಿಲ್ಲ. ನೀವು ಈ ಬರಹವನ್ನು ಆಂಡ್ರಾಯ್ಡ್ ಫೋನಿನಲ್ಲೋ ಕಂಪ್ಯೂಟರಿನ ಕ್ರೋಮ್, ಫೈರ್‌ಫಾಕ್ಸ್‌ನಲ್ಲೋ ಓದುತ್ತಿದ್ದರೆ, ಮೇಲಿನ 'ಜ್ಞಾ'ದಲ್ಲಿ ಒತ್ತು ಸರಿಯಾದ ಜಾಗದಲ್ಲಿ ಕೂತಿರುವುದು ಹಾರ್ಫ್‌ಬಜ್ ಎಂಬ ಮುಕ್ತ ಲೈಬ್ರರಿಯಿಂದ. ಅಲ್ಲೆಲ್ಲ ನಮ್ಮ ಭಾಷೆಯ ಒತ್ತಕ್ಷರಗಳು ಅದರ ಕೈ ಹಾದೇ ಪರದೆಗೆ ಬರುತ್ತವೆ. ಫ್ರೌಂಡ್ ಎಳೆ ಹಿಡಿದು ಹೋಗಲು ಸಾಧ್ಯವಾದದ್ದೂ ಎಲ್ಲ ತೆರೆದಿದ್ದರಿಂದ. ಕಳ್ಳ ಒಳಗೆ ಬಂದದ್ದೂ ತೆರೆದ ಬಾಗಿಲಿನಿಂದ, ಹಿಡಿದವರು ಬಂದದ್ದೂ ಅದೇ ಬಾಗಿಲಿನಿಂದ.

ದೊಡ್ಡ ಕಂಪನಿಗಳ ಧಾಟಿ ಗೊತ್ತಾಗಬೇಕಾದರೆ ಕರ್ಲ್ ಕತೆ ಕೇಳಬೇಕು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ನೋಡಿಕೊಳ್ಳುವ, ಇಂಟರ್ನೆಟ್ಟಿನಲ್ಲಿ ಮಾಹಿತಿ ತರುವ ಕಳಿಸುವ ಆ ಸಾಧನ ನಿಮ್ಮ ಫೋನು, ಟಿವಿ, ಕಾರುಗಳಲ್ಲೆಲ್ಲ ಇರುವಂಥದ್ದು. 2022ರ ಜನವರಿಯಲ್ಲಿ ಒಂದು ಭಾರಿ ಕಂಪನಿಯಿಂದ ಅವರಿಗೆ ಈಮೇಲ್: ನಿಮ್ಮ ಉತ್ಪನ್ನದಲ್ಲಿ ಲಾಗ್4ಜೆ ಇದೆಯೇ, ಕ್ರಮ ಏನು ಕೈಗೊಂಡಿದ್ದೀರಿ, 24 ಗಂಟೆಯೊಳಗೆ ಉತ್ತರಿಸಿ. ಕರ್ಲ್ ಜಾವಾದಲ್ಲಿಲ್ಲ, ಲಾಗ್4ಜೆಗೂ ಅದಕ್ಕೂ ಸಂಬಂಧವಿಲ್ಲ, ಆ ಕಂಪನಿ ಇವರಿಗೆ ಒಂದು ಕಾಸು ಕೊಟ್ಟಿಲ್ಲ. ಸಪೋರ್ಟ್ ಒಪ್ಪಂದ ಮಾಡಿಕೊಂಡ ತಕ್ಷಣ ಸಂತೋಷವಾಗಿ ಉತ್ತರಿಸುತ್ತೇನೆ ಅಂದರು ಇವರು. ಮರು ಉತ್ತರದಲ್ಲಿ ಅವರನ್ನು 'ಡೇವಿಡ್' ಎಂದು ಕರೆದಿದ್ದರಂತೆ. ಹಾಗಾದರೆ ನೀವು ಗೋಲಿಯಾತ್ (ಬೈಬಲ್ ಕತೆಯಲ್ಲಿ ಡೇವಿಡ್ ಎದುರಿಸಿದ ದೈತ್ಯ) ಎಂದು ಇವರೂ ಬರೆದರು.

ನಾನು ನಗಬಾರದು. ಎಕ್ಸ್‌ಝಡ್ ಗದ್ದಲದ ಮುಂದಿನ ತಿಂಗಳು, ಆ ಪಿಡಿಎಫ್ ಲೈಬ್ರರಿಯವರಿಗೆ ನಮ್ಮ ಕಂಪನಿಯಿಂದ ಏನಾದರೂ ಕೊಡಿಸೋಣ ಎಂದು ಹೊರಟೆ. ಮ್ಯಾನೇಜರ್ ಒಪ್ಪಿದರು, ಒಳ್ಳೆಯ ಮನುಷ್ಯ. ಫೈನಾನ್ಸ್‌ನವರು ವೆಂಡರ್ ರಿಜಿಸ್ಟ್ರೇಷನ್ ಫಾರಂ ಕಳಿಸಿದರು. ಅದರಲ್ಲಿ ಜಿಎಸ್‌ಟಿ ನಂಬರ್ ಕಡ್ಡಾಯ. ಹೊರದೇಶದವರಾದರೆ ಬೇರೆ ಫಾರಂ, ತೆರಿಗೆ ಪ್ರಮಾಣಪತ್ರ. ಜೊತೆಗೆ ನಿಯಮದಂತೆ ಮೂರು ಕೊಟೇಶನ್. ಪುಕ್ಕಟೆ ಸಿಗುವ ವಸ್ತುವಿಗೆ ಮೂರು ಕೊಟೇಶನ್ ತರುವುದು ಹೇಗೆ ಎಂದು ಕೇಳಿದೆ. ಹಾಗಾದರೆ ಪುಕ್ಕಟೆ ಸಿಗುವುದಕ್ಕೆ ದುಡ್ಡು ಯಾಕೆ ಮೇಡಂ ಎಂದರು. ಅವರ ಕಡೆಯಿಂದ ನೋಡಿದರೆ ನ್ಯಾಯವಾದ ಪ್ರಶ್ನೆ. ಬೆಂಗಳೂರಿನವರೇ ಆದ, ಷೇರು ವ್ಯವಹಾರದ ಜೆರೋಧಾ ಕಂಪನಿ ಅದೇ ವರ್ಷ ಅಕ್ಟೋಬರ್‌ನಲ್ಲಿ, ಮುಕ್ತ ತಂತ್ರಾಂಶಗಳಿಗೆಂದೇ ವರ್ಷಕ್ಕೆ 10 ಲಕ್ಷ ಡಾಲರಿನ ನಿಧಿ ಪ್ರಕಟಿಸಿದಾಗ, ಅವರ ಫೈನಾನ್ಸ್‌ನವರು ಯಾವ ಫಾರಂ ತುಂಬಿಸಿಕೊಳ್ಳುತ್ತಾರೋ ನೋಡಬೇಕಲ್ಲ ಅನ್ನಿಸಿತ್ತು.

ಕೊನೆಗೆ ನನ್ನ ಕಾರ್ಡಿನಿಂದಲೇ ತಿಂಗಳಿಗೆ ಐದು ಡಾಲರ್ ಹೋಗುವಂತೆ ಮಾಡಿದೆ. ಹೇಳಿಕೊಳ್ಳುವಂಥ ಮೊತ್ತವಲ್ಲ, ಮಸಾಲೆ ದೋಸೆ, ಕಾಫಿಯ ಲೆಕ್ಕದಲ್ಲಿ ಇಬ್ಬರಿಗೆ ಒಂದು ಸಂಜೆ. ಆ ಹಳೆಯ ಪುಟಕ್ಕೆ ಹೋಗಿ ಎರಡು ಮಾತು ಬರೆಯೋಣ ಎಂದರೆ ಚರ್ಚೆಗೆ ಬೀಗ ಬಿದ್ದಿತ್ತು. ನಾನು ಬರೆದದ್ದು ಅಳಿಸಲೂ ಆಗದೆ, ಸೇರಿಸಲೂ ಆಗದೆ ಅಲ್ಲೇ ಇದೆ, ಹನ್ನೊಂದು ಹೆಬ್ಬೆರಳುಗಳ ಸಮೇತ.

ಲಾಸ್ಸೆ ಕಾಲಿನ್ ಆ ಗುಡ್ ಫ್ರೈಡೆಯ ಹೊತ್ತಿಗೆ ರಜೆಯಲ್ಲಿದ್ದರು. ಆ ಕೋಡ್ ಇದ್ದ ಗಿಟ್‌ಹಬ್ ತಾಣ ಮೊದಲ ಗಾಬರಿಯಲ್ಲಿ ಜಿಯಾ ಟಾನ್ ಜೊತೆಗೆ ಅವರ ಅಕೌಂಟನ್ನೂ ಮುಚ್ಚಿತ್ತು; ಆಮೇಲೆ ತೆರೆಯಿತು. ಜಗತ್ತಿನ ಪತ್ರಕರ್ತರೆಲ್ಲ ಹುಡುಕುತ್ತಿದ್ದಾಗ ಅವರು ತಮ್ಮ ಪುಟದಲ್ಲಿ ಸಣ್ಣದೊಂದು ವಿವರ ಬರೆದು, ಎರಡು ವರ್ಷದ ಕೆಲಸವನ್ನು ಸಾಲು ಸಾಲಾಗಿ ಪರಿಶೀಲಿಸಲು ಕೂತರು. ಸ್ವಚ್ಛಗೊಳಿಸಿದ 5.6.2 ಬಂದದ್ದು ಮೇ 29ಕ್ಕೆ.

ಅವರು ಮೊದಲ ದಿನಗಳಲ್ಲೇ ಸರಿಪಡಿಸಿದ್ದರಲ್ಲಿ ಒಂದನ್ನು ನಾನು ತೆರೆದು ನೋಡಿದೆ. ಲ್ಯಾಂಡ್‌ಲಾಕ್ ಎಂಬ ಕಾವಲಿನ ವ್ಯವಸ್ಥೆ ಈ ಯಂತ್ರದಲ್ಲಿದೆಯೇ ಎಂದು ಪರೀಕ್ಷಿಸುವ ತುಣುಕೊಂದನ್ನು ಜಿಯಾ ಟಾನ್ ಫೆಬ್ರವರಿ ಕೊನೆಯಲ್ಲಿ ತಿದ್ದಿದ್ದ. ಅದು ಎಂದೂ ಪಾಸಾಗದಂತೆ, ಅಂದರೆ ಕಾವಲು ಎಂದೂ ಏಳದಂತೆ. ಕಾಲಿನ್ ಅದನ್ನು ಸರಿಮಾಡಿ, ಕೆಡಿಸಿದ್ದ ಲ್ಯಾಂಡ್‌ಲಾಕ್ ಪರೀಕ್ಷೆ ರಿಪೇರಿ ಎಂದು ಒಣ ಶೀರ್ಷಿಕೆ ಕೊಟ್ಟಿದ್ದಾರೆ. ಬದಲಾವಣೆಯಲ್ಲಿ ಕೆಂಪು ಬಣ್ಣದ ಒಂದು ಸಾಲು ಅಳಿಸಿದೆ. ಆ ಸಾಲು ಖಾಲಿ ಎಂದುಕೊಂಡು ನಾನು ಎರಡು ಸಲ ಮೇಲಕ್ಕೆ ಕೆಳಕ್ಕೆ ಹೋದೆ. ಆಮೇಲೆ ಅಕ್ಷರ ದೊಡ್ಡದು ಮಾಡಿಕೊಂಡೆ. ಸಾಲಿನ ಶುರುವಿನಲ್ಲಿ, ಪರದೆಯ ಮೇಲೆ ಕೂತ ಧೂಳಿನ ಹಾಗೆ, ಒಂದು ಚುಕ್ಕಿ ಇತ್ತು.